ಪೇಸ್‌ಮೇಕರ್ ಇಡುವ ಲೆಕ್ಕ
(ಸಂಘದ ವೈದ್ಯಕೀಯ ನೆರವು ನಿಧಿಯ ಸಭೆಯಲ್ಲಿ ಮಾಡಿದ ಭಾಷಣ)



ಪೇಸ್‌ಮೇಕರ್ ಹಾಕಿಸಿಕೊಂಡ ನಮ್ಮ ಹಿರಿಯರು ಹೇಳುವುದುಂಟು: “ಈಗ ಆರಾಮಾಗಿದ್ದೀನಿ, ಮತ್ತೆ ಚೆಕಪ್ ಯಾಕೆ?” ಅವರಿಗೆ ನನ್ನ ಉತ್ತರ ಇದು.

ಇಸಿಜಿ ಕಾಗದದಲ್ಲಿ ಸಿಗುವುದು ಸುಮಾರು 10 ಸೆಕೆಂಡಿನ ಚಿತ್ರ. ಪೇಸ್‌ಮೇಕರ್ ಹಗಲೂ ರಾತ್ರಿ ಗಮನಿಸುತ್ತದೆ. ಹೃದಯದ ಮೇಲಿನ ಕೋಣೆಗೂ ತಂತಿ ಹಾಕಿದ್ದರೆ, ಆ ಕೋಣೆ ಯಾವಾಗ, ಎಷ್ಟು ಹೊತ್ತು ತಾಳ ತಪ್ಪಿ ಓಡಿತು ಎಂಬುದು ದಾಖಲಾಗುತ್ತದೆ. ಅನೇಕರಿಗೆ ಇದು ಗೊತ್ತೇ ಆಗುವುದಿಲ್ಲ.

2012ರಲ್ಲಿ ಪ್ರಕಟವಾದ ‘ಅಸರ್ಟ್’ ಅಧ್ಯಯನದಲ್ಲಿ ಇಂಥ ಯಂತ್ರವಿದ್ದ, ಬಿಪಿಯೂ ಇದ್ದ, 65 ಮತ್ತು ಮೇಲಿನ ವಯಸ್ಸಿನ 2580 ಮಂದಿಯನ್ನು ಗಮನಿಸಿದರು. ಮೂರೇ ತಿಂಗಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ 6 ನಿಮಿಷ ಮೀರಿದ ಓಟ ಕಂಡುಬಂತು. ಅಂಥವರಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಬರುವ ಅಪಾಯ ಉಳಿದವರಿಗಿಂತ ಸುಮಾರು ಎರಡೂವರೆ ಪಟ್ಟು.

ಹಾಗೆಂದು ಎಲ್ಲರಿಗೂ ಮಾತ್ರೆ ಬೇಕಿಲ್ಲ. ಯಂತ್ರವೂ ಕೆಲವೊಮ್ಮೆ ತಪ್ಪಾಗಿ ಗ್ರಹಿಸುತ್ತದೆ. ಓಟ ನಿಮಿಷಗಳದೋ ಗಂಟೆಗಳದೋ, ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿದೆಯೋ ಎಂದು ನೋಡಿ, ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ, ರಕ್ತಸ್ರಾವದ ಭಯ ಎಲ್ಲವನ್ನೂ ತೂಗಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಕೊಡಬೇಕೇ ಎಂದು ವೈದ್ಯರು ನಿರ್ಧರಿಸುತ್ತಾರೆ.

ತಪಾಸಣೆಗೆ ಸೂಜಿಯಿಲ್ಲ, ನೋವಿಲ್ಲ. ಬ್ಯಾಟರಿ, ತಂತಿಗಳ ಸ್ಥಿತಿಯೂ ಆಗಲೇ ತಿಳಿಯುತ್ತದೆ. ಹೋಗುವಾಗ ಪೇಸ್‌ಮೇಕರ್ ಕಾರ್ಡು ಜೊತೆಗಿರಲಿ.

ದಾನಿಗಳಲ್ಲಿ ಒಂದು ವಿನಂತಿ. ಆಪರೇಷನ್‌ಗೆ ಕೈಹಿಡಿದ ತಾವು ಮುಂದಿನ ತಪಾಸಣೆ, ಮಾತ್ರೆ, ಹೋಗಿಬರುವ ಖರ್ಚಿಗೂ ನೆರವಾಗಬೇಕು. ಬಸ್ಸು, ಆಟೋ ಖರ್ಚಿಗೆ ಹೆದರಿ ಯಾರೂ ತಪಾಸಣೆ ತಪ್ಪಿಸಿಕೊಳ್ಳುವಂತಾಗದಿರಲಿ.