ಮಳೆಗಾಲದಲ್ಲೂ ಕೆಡದ ಎಲೆಕೋಸು

ಮಕ್ಕಳೇ, ಜೋಳ, ಸಜ್ಜೆ ಬೆಳೆಯುವ ನಮ್ಮ ಕುಷ್ಟಗಿ ಸೀಮೆಯಲ್ಲಿ ಮಳೆ ಬಂತೆಂದರೆ ದೊಡ್ಡವರ ಮುಖ ಅರಳುತ್ತದೆ. ಹನುಮಸಾಗರದಲ್ಲಿ ಮಳೆ ಹಿಡಿದ ಸಂಜೆ ಮಿರ್ಚಿ ಭಜಿ, ಮಂಡಕ್ಕಿ, ಬಿಸಿ ಚಹಾ ಇರಲೇಬೇಕು. ಅಂಥ ದಿನ ನಮ್ಮ ಮನೆಯವರು ಅಡುಗೆಮನೆ ಹೊಕ್ಕು ಕೊರಿಯಾ ದೇಶದ ತಿನಿಸೊಂದನ್ನು ಮಾಡುತ್ತಾರೆ. ಅದರ ಹೆಸರು ಕಿಮ್ಚಿಜೊನ್. ಹುಳಿ ಬಂದ ಎಲೆಕೋಸನ್ನು ಹಿಟ್ಟಿನಲ್ಲಿ ಕಲಸಿ, ತವೆಯ ಮೇಲೆ ತೆಳ್ಳಗೆ ಹರಡಿ, ಎಣ್ಣೆ ಬಿಟ್ಟು ಎರಡೂ ಬದಿ ಬೇಯಿಸುವುದು. ಕೊರಿಯಾದಲ್ಲೂ ಇದು ಮಳೆಯ ದಿನದ ತಿನಿಸೇ.

ಈ ಹುಳಿ ಎಲೆಕೋಸೇ ಕಿಮ್ಚಿ. ಅಲ್ಲಿ ಚಳಿಗಾಲ ಬರುವ ಮುಂಚೆ ಮನೆಯವರು, ನೆರೆಯವರು ಸೇರಿ ರಾಶಿ ರಾಶಿ ಕಿಮ್ಚಿ ಮಾಡಿ ಹಂಚಿಕೊಳ್ಳುತ್ತಾರೆ. 2013ರಲ್ಲಿ ಯುನೆಸ್ಕೊ ಈ ಪದ್ಧತಿಯನ್ನು ಮನುಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು. ನಮ್ಮ ಮನೆಯ ಕಿಮ್ಚಿಗೆ ಸಂತೆಯ ಎಲೆಕೋಸು, ಉಳ್ಳಾಗಡ್ಡಿ ತಪ್ಪಲು, ಬೆಳ್ಳುಳ್ಳಿ, ಶುಂಠಿ ಸಾಕು. ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿಯ ಪುಡಿ. ಅದರಲ್ಲಿ ಕೆಂಪು ಹೆಚ್ಚು, ಖಾರ ಕಡಿಮೆ.

ಈಗ ಒಂದು ಪ್ರಶ್ನೆ. ಮಳೆಗಾಲದಲ್ಲಿ ರೊಟ್ಟಿಗೆ ಬೂಸ್ಟು ಹಿಡಿಯುತ್ತದೆ, ಪಲ್ಯ ರಾತ್ರಿ ಕಳೆಯುವುದರೊಳಗೆ ಹಳಸುತ್ತದೆ. ಹಾಗಿದ್ದರೆ ಬೇಯಿಸದೇ ಇಟ್ಟ ಎಲೆಕೋಸು ಮಾತ್ರ ಏಕೆ ಕೆಡುವುದಿಲ್ಲ?

ಮೊದಲ ಕೆಲಸ ಉಪ್ಪಿನದು. ಹೆಚ್ಚಿದ ಎಲೆಕೋಸಿಗೆ ಉಪ್ಪು ಬೆರೆಸಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಪಾತ್ರೆಯ ತಳದಲ್ಲಿ ನೀರು ನಿಲ್ಲುತ್ತದೆ. ಆ ನೀರನ್ನು ಯಾರೂ ಹಾಕಿದ್ದಲ್ಲ. ಎಲೆಯ ಪ್ರತಿ ಜೀವಕೋಶಕ್ಕೂ ತೆಳುವಾದ ಪೊರೆ ಇದೆ. ಪೊರೆ ನೀರನ್ನು ಸುಲಭವಾಗಿ ಬಿಡುತ್ತದೆ, ಉಪ್ಪನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಹೊರಗೆ ಉಪ್ಪು ಹೆಚ್ಚಾದಾಗ ಒಳಗಿನ ನೀರು ಹೊರಕ್ಕೆ ಹರಿದುಬರುತ್ತದೆ. ಇದಕ್ಕೆ ಅಭಿಸರಣೆ ಎನ್ನುತ್ತಾರೆ. ಆಹಾರ ಕೆಡಿಸುವ ಅನೇಕ ಸೂಕ್ಷ್ಮಜೀವಿಗಳು ಈ ಉಪ್ಪುನೀರಿನಲ್ಲಿ ಬೆಳೆಯಲಾರವು.

ಎರಡನೆಯ ಕೆಲಸ ಉಪ್ಪನ್ನು ತಾಳಿಕೊಳ್ಳುವ ಸೂಕ್ಷ್ಮಜೀವಿಗಳದು. ಎಲೆಕೋಸಿನ ಮೇಲೆ ಮೊದಲೇ ಇರುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಎಲೆಯ ಸಕ್ಕರೆಯನ್ನು ತಿಂದು ಆಮ್ಲ ತಯಾರಿಸುತ್ತವೆ. ಕಿಮ್ಚಿ ಹುಳಿಯಾಗುವುದು ಇದರಿಂದ. ಹುಳಿ ಏರಿದಂತೆ ಕೆಡಿಸುವ ಜೀವಿಗಳಿಗೆ ಅಲ್ಲಿ ಉಳಿಗಾಲವಿಲ್ಲ. ಈ ಕೆಲಸವನ್ನು ಆರಂಭದಲ್ಲಿ ಮುಂದೆ ನಿಂತು ಮಾಡುವ ಬ್ಯಾಕ್ಟೀರಿಯಾದ ಹೆಸರು ಲ್ಯೂಕೊನೊಸ್ಟಾಕ್ ಮೆಸೆಂಟರಾಯ್ಡಿಸ್. ಅದು ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಬಿಡುವುದರಿಂದ ಕಿಮ್ಚಿ ಭರಣಿಯಲ್ಲಿ ಗುಳ್ಳೆ ಏಳುತ್ತದೆ.

ಈ ಬ್ಯಾಕ್ಟೀರಿಯಾ ನಿಮಗೆ ಹೊಸಬನಲ್ಲ! ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬಿ ಹುಳಿಯಾಗುತ್ತದಲ್ಲ, ಅಲ್ಲೂ ದುಡಿಯುವುದು ಇದೇ ಲ್ಯೂಕೊನೊಸ್ಟಾಕ್. ಸಾವಿರಾರು ಕಿಲೋಮೀಟರ್ ದೂರದ ಎರಡು ಅಡುಗೆಮನೆಗಳಲ್ಲಿ ಒಂದೇ ಜೀವಿಯ ದುಡಿಮೆ.

ಇನ್ನು ಕಿಮ್ಚಿಜೊನ್ ಬೇಯುವಾಗಿನ ತವೆಯ ಚುಂಯ್ ಸದ್ದು. ನೀರು ಕುದಿಯುವುದು ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕಾದ ಎಣ್ಣೆ ಅದಕ್ಕಿಂತ ಬಹಳ ಬಿಸಿ. ಹಿಟ್ಟಿನಲ್ಲಿರುವ ನೀರು ಎಣ್ಣೆ ಸೋಕಿದ ಕೂಡಲೇ ಆವಿಯಾಗಿ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಆ ಆವಿ ಗುಳ್ಳೆಗಳಾಗಿ ಎಣ್ಣೆಯನ್ನು ಸೀಳಿ ಹೊರನುಗ್ಗುವಾಗ ಸದ್ದಾಗುತ್ತದೆ. ನೀರೆಲ್ಲ ಹೋದ ಅಂಚು ಗರಿಗರಿಯಾಗುತ್ತದೆ. ಮಿರ್ಚಿ ಬೇಯುವಾಗಲೂ ಇದೇ ನಡೆಯುತ್ತದೆ. ಈ ಸದ್ದು ಮಳೆ ಸುರಿವ ಸದ್ದಿನಂತಿದೆ, ಅದಕ್ಕೇ ಮಳೆ ಬಂದಾಗ ಕಿಮ್ಚಿಜೊನ್‌ನಂಥ ತಿನಿಸು ತಿನ್ನುವ ಆಸೆಯಾಗುತ್ತದೆ ಎಂದು ಕೊರಿಯಾದ ಜನ ಹೇಳುವುದುಂಟು.

ಉಪ್ಪಿನ ಕೆಲಸವನ್ನು ಕಣ್ಣಾರೆ ನೋಡಲು ನೀವೂ ಒಂದು ಪ್ರಯೋಗ ಮಾಡಿ. ಒಂದು ಸೌತೆಕಾಯಿಯನ್ನು ದೊಡ್ಡವರಿಂದ ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿಸಿಕೊಂಡು ಎರಡು ತಟ್ಟೆಯಲ್ಲಿ ಸಮನಾಗಿ ಇಡಿ. ಒಂದು ತಟ್ಟೆಗೆ ಮಾತ್ರ ಒಂದು ಚಮಚ ಉಪ್ಪು ಉದುರಿಸಿ. ಅರ್ಧ ಗಂಟೆಯ ನಂತರ ಯಾವ ತಟ್ಟೆಯಲ್ಲಿ ನೀರು ಹೆಚ್ಚು, ಯಾವ ಬಿಲ್ಲೆ ಮೆತ್ತಗೆ ಎಂದು ಮುಟ್ಟಿ ನೋಡಿ. ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಕಾರಣವನ್ನು ಮನೆಯವರಿಗೆ ನೀವೇ ಹೇಳಿಕೊಡಿ.