ಸೂರ್ಯಚಂದ್ರರ ಗಾತ್ರ, ದೂರ ಮತ್ತು ಗತಿ: ಶಾಸ್ತ್ರದ ಗಣಿತ, ಇಂದಿನ ಅಳತೆ

(ಅಮೃತೂರಿನ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)

 

ಬಸದಿಯ ಪ್ರತಿಷ್ಠಾ ಮಹೋತ್ಸವದಲ್ಲಿ ಸೂರ್ಯಚಂದ್ರರ ಮಾತೇಕೆ ಎಂದು ತಾವು ಕೇಳಬಹುದು. ಶ್ರಾವಕನ ದಿನಚರಿಯೇ ಅದಕ್ಕೆ ಉತ್ತರ. ರಾತ್ರಿಭೋಜನವನ್ನು ತ್ಯಜಿಸಿದ ಮನೆಯಲ್ಲಿ ಊಟದ ಹೊತ್ತನ್ನು ಸೂರ್ಯನು ನಿರ್ಣಯಿಸುತ್ತಾನೆ. ಅಷ್ಟಮಿ ಚತುರ್ದಶಿಗಳ ಉಪವಾಸದ ದಿನವನ್ನು ಚಂದ್ರನ ಕಲೆ ತಿಳಿಸುತ್ತದೆ. ಇವರಿಬ್ಬರ ಲೆಕ್ಕವಿಲ್ಲದೆ ನಮ್ಮ ವ್ರತಗಳೇ ನಡೆಯವು.

ಇನ್ನೊಂದು ಕಾರಣವೂ ಉಂಟು. ಒಮ್ಮೆ ಸ್ವಾಧ್ಯಾಯ ಮುಗಿದ ಮೇಲೆ ಒಬ್ಬ ಬಾಲಕನು ನನ್ನ ಬಳಿಗೆ ಬಂದು, "ಅಜ್ಜಯ್ಯ, ಚಂದ್ರನೇ ದೊಡ್ಡವನು ಎಂದು ತಾವು ಓದಿದಿರಿ. ಶಾಲೆಯ ಪುಸ್ತಕದಲ್ಲಿ ಸೂರ್ಯನೇ ದೊಡ್ಡವನು ಎಂದಿದೆ. ಪರೀಕ್ಷೆಯಲ್ಲಿ ಯಾವುದನ್ನು ಬರೆಯಲಿ? ಮನಸ್ಸಿನಲ್ಲಿ ಯಾವುದನ್ನು ಇಟ್ಟುಕೊಳ್ಳಲಿ?" ಎಂದು ಕೇಳಿದನು. ಅವನ ಎರಡನೆಯ ಪ್ರಶ್ನೆಗೆ ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ಇಂದಿನ ಈ ಉಪನ್ಯಾಸ ಆ ಬಾಲಕನಿಗೆ ಕೊಡುತ್ತಿರುವ ಉತ್ತರ.

ಮೊದಲು ಶಾಸ್ತ್ರವು ಹೇಳುವುದನ್ನು ನೋಡೋಣ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ 'ತ್ರಿಲೋಕಸಾರ'ದಲ್ಲಿ ಒಂದು ಯೋಜನವನ್ನು 61 ಭಾಗ ಮಾಡಿದರೆ ಚಂದ್ರವಿಮಾನದ ವ್ಯಾಸ 56 ಭಾಗ, ಸೂರ್ಯವಿಮಾನದ ವ್ಯಾಸ 48 ಭಾಗ. ಸೂರ್ಯನು ಭೂಮಿಯಿಂದ 800 ಯೋಜನ ಎತ್ತರದಲ್ಲಿ, ಚಂದ್ರನು 880 ಯೋಜನ ಎತ್ತರದಲ್ಲಿ ಸಂಚರಿಸುತ್ತಾರೆ. ಸೂರ್ಯನಿಗೆ 184 ವೀಥಿಗಳು, ಚಂದ್ರನಿಗೆ 15 ವೀಥಿಗಳು. ಜಂಬೂದ್ವೀಪದಲ್ಲಿ ಇಬ್ಬರು ಸೂರ್ಯರು, ಇಬ್ಬರು ಚಂದ್ರರು ಮೇರುವನ್ನು ಪ್ರದಕ್ಷಿಣೆ ಮಾಡುತ್ತಾರೆ.

ಯೋಜನಕ್ಕೆ ಎಷ್ಟು ಮೈಲಿ ಎಂಬ ಚರ್ಚೆ ಇಲ್ಲಿ ಬೇಡ. ಪ್ರಮಾಣವನ್ನಷ್ಟೇ ಹಿಡಿಯೋಣ. ಈ ಲೆಕ್ಕದಲ್ಲಿ ಚಂದ್ರನು ಸೂರ್ಯನಿಗಿಂತ ಆರರಲ್ಲಿ ಒಂದು ಪಾಲು ದೊಡ್ಡವನು, ಹತ್ತರಲ್ಲಿ ಒಂದು ಪಾಲು ಎತ್ತರದಲ್ಲಿರುವವನು. ತುಸು ದೊಡ್ಡದು ತುಸು ದೂರದಲ್ಲಿದ್ದರೆ ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಸಮವಾಗಿ ಕಾಣುತ್ತವೆ. ಆಕಾಶದಲ್ಲಿ ನಮಗೆ ಕಾಣುವುದೂ ಹಾಗೆಯೇ.

ಇನ್ನು ಗತಿಯ ವಿಷಯ. ಸೂರ್ಯಚಂದ್ರಾದಿಗಳ ಗತಿಯಿಂದಲೇ ಕಾಲವಿಭಾಗ ಉಂಟಾಗುತ್ತದೆಂದು ತತ್ತ್ವಾರ್ಥಸೂತ್ರದ ಅಭಿಪ್ರಾಯ. ಇಲ್ಲಿ ನಮ್ಮ ಪೂರ್ವಾಚಾರ್ಯರ ಗಣಿತ ಬೆರಗುಗೊಳಿಸುತ್ತದೆ. ಸೂರ್ಯನು ಒಂದು ಮಂಡಲವನ್ನು 60 ಮುಹೂರ್ತಗಳಲ್ಲಿ ಮುಗಿಸಿದರೆ, ಚಂದ್ರನಿಗೆ 62 ಮುಹೂರ್ತಗಳೂ ಮೇಲೆ 221ರಲ್ಲಿ 23 ಭಾಗವೂ ಬೇಕು. ಮುಹೂರ್ತವೆಂದರೆ 48 ನಿಮಿಷ. ಚಂದ್ರರು ಇಬ್ಬರಾದ್ದರಿಂದ ಒಂದು ಊರಿಗೆ ಚಂದ್ರನು ಮರಳಿ ಕಾಣುವ ಅವಧಿ ಇದರ ಅರ್ಧ, ಅಂದರೆ 24 ಗಂಟೆ 50 ನಿಮಿಷ 30 ಸೆಕೆಂಡು. ಇಂದಿನ ಖಗೋಳಶಾಸ್ತ್ರ ಹೇಳುವ ಸರಾಸರಿ 24 ಗಂಟೆ 50 ನಿಮಿಷ 28 ಸೆಕೆಂಡು! ದೂರದರ್ಶಕವಿಲ್ಲದ ಕಾಲದ ಲೆಕ್ಕದಲ್ಲಿ ಇರುವ ಅಂತರ ಎರಡು ಸೆಕೆಂಡು ಮಾತ್ರ.

ಐದು ವರ್ಷಗಳ ಯುಗದಲ್ಲಿ 1830 ದಿನ, 62 ಚಾಂದ್ರಮಾಸ. ಭಾಗಿಸಿದರೆ ಮಾಸಕ್ಕೆ 29.516 ದಿನ, ಇಂದಿನ ಲೆಕ್ಕ 29.531 ದಿನ. ವ್ಯತ್ಯಾಸ ಸುಮಾರು 21 ನಿಮಿಷ. ವರ್ಷದ ಲೆಕ್ಕ ಮಾತ್ರ ಅಷ್ಟು ಹೊಂದುವುದಿಲ್ಲ. 366 ದಿನದ ಸೌರವರ್ಷ ನಿಜವಾದ ವರ್ಷಕ್ಕಿಂತ ಸುಮಾರು 18 ಗಂಟೆ ದೀರ್ಘ. ಹಾಗೆಯೇ ಅತಿ ದೊಡ್ಡ ಹಗಲು 18 ಮುಹೂರ್ತ, ಅಂದರೆ 14 ಗಂಟೆ 24 ನಿಮಿಷ ಎನ್ನುತ್ತಾರೆ. ಕಾಶ್ಮೀರದಷ್ಟು ಉತ್ತರದ ನಾಡಿಗೆ ಅದು ಸಲ್ಲುತ್ತದೆ. ನಮ್ಮ ಅಮೃತೂರಿನಲ್ಲಿ ಜೂನ್ ತಿಂಗಳ ಅತಿ ದೊಡ್ಡ ಹಗಲೂ 13 ಗಂಟೆಯನ್ನು ಮುಟ್ಟುವುದಿಲ್ಲ. ಗಡಿಯಾರ ಹಿಡಿದು ಯಾರು ಬೇಕಾದರೂ ಪರೀಕ್ಷಿಸಬಹುದು.

ಕಾಲವನ್ನು ಕಣ್ಣಿನಿಂದ, ತಾಳ್ಮೆಯಿಂದ, ತಲೆಮಾರುಗಳ ಗಣನೆಯಿಂದ ಅಳೆಯಬಹುದು. ದೂರವನ್ನು ಹಾಗೆ ಅಳೆಯಲಾಗದು. ಅದಕ್ಕೆ ಬೇರೆ ಉಪಾಯ ಬೇಕು. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ಛಾಯಾವ್ಯವಹಾರವನ್ನು ಹೇಳಿದ್ದಾರೆ. ನೆರಳನ್ನು ಅಳೆದು, ಹತ್ತದೆಯೇ ಕಂಬದ ಎತ್ತರವನ್ನು ತಿಳಿಯುವ ಕ್ರಮವದು. ಚಂದ್ರನ ದೂರವನ್ನು ತಿಳಿದದ್ದೂ ಅಂಥ ತ್ರಿಕೋನದ ಗಣಿತದಿಂದಲೇ. ಬೆರಳನ್ನು ಮುಂದೆ ಹಿಡಿದು ಒಂದೊಂದೇ ಕಣ್ಣಿನಿಂದ ನೋಡಿದರೆ ಬೆರಳು ಸ್ಥಳ ಬದಲಿಸಿದಂತೆ ತೋರುತ್ತದೆ. ಬಹುದೂರದ ಎರಡು ಊರುಗಳಿಂದ ನೋಡಿದಾಗ ಚಂದ್ರನೂ ನಕ್ಷತ್ರಗಳ ನಡುವೆ ಹಾಗೆಯೇ ಸರಿದಂತೆ ಕಾಣುತ್ತಾನೆ. ಸೂರ್ಯನಲ್ಲಿ ಆ ವ್ಯತ್ಯಾಸ ಅತ್ಯಲ್ಪ. ಆದ್ದರಿಂದ ಅವನು ಬಹು ದೂರದವನು.

ಹೀಗೆ ದೊರೆತ ಅಳತೆಗಳು ಇವು. ಚಂದ್ರನ ಸರಾಸರಿ ದೂರ 3,84,400 ಕಿಲೋಮೀಟರ್, ವ್ಯಾಸ 3,474 ಕಿಲೋಮೀಟರ್. ಸೂರ್ಯನ ಸರಾಸರಿ ದೂರ 14 ಕೋಟಿ 96 ಲಕ್ಷ ಕಿಲೋಮೀಟರ್, ವ್ಯಾಸ ಸುಮಾರು 13 ಲಕ್ಷ 92 ಸಾವಿರ ಕಿಲೋಮೀಟರ್. ಸೂರ್ಯನು ಸುಮಾರು 400 ಪಾಲು ದೊಡ್ಡವನು, ಸುಮಾರು 390 ಪಾಲು ದೂರದವನು. ಕಣ್ಣಿಗೆ ಇಬ್ಬರೂ ಸಮವಾಗಿ ತೋರುವುದರ ಗುಟ್ಟು ಇದು.

ಮಕ್ಕಳಿಗೆ ತಿಳಿಯುವಂತೆ ಹೇಳುತ್ತೇನೆ. ಚಂದ್ರನನ್ನು ಒಂದು ಮೆಣಸಿನ ಕಾಳು ಎಂದುಕೊಳ್ಳಿ. ಆಗ ಭೂಮಿ ಒಂದು ಸಣ್ಣ ಗೋಲಿ; ಎರಡರ ನಡುವೆ ಒಂದು ಮೊಳಕ್ಕೂ ಕಡಿಮೆ ದೂರ. ಸೂರ್ಯನೋ ಎತ್ತಿನ ಗಾಡಿಯ ದೊಡ್ಡ ಚಕ್ರ. ಅದನ್ನು 150 ಮೀಟರ್ ಆಚೆ ನಿಲ್ಲಿಸಬೇಕು. ಆ ಮೆಣಸಿನ ಕಾಳನ್ನು ಕಣ್ಣಿನ ಮುಂದೆ ಆ ದೂರದಲ್ಲೇ ಹಿಡಿದರೆ ಚಕ್ರವು ಬಹುತೇಕ ಮರೆಯಾಗುತ್ತದೆ. ಸೂರ್ಯಗ್ರಹಣವೆಂದರೆ ಇದೇ. ಯಾವುದು ಮರೆಮಾಡುತ್ತದೆಯೋ ಅದು ಹತ್ತಿರದ್ದು.

ಚಂದ್ರನ ಪಥ ಸೂರ್ಯಪಥಕ್ಕೆ ಸುಮಾರು 5 ಡಿಗ್ರಿ ಓರೆಯಾಗಿರುವುದರಿಂದ ಪ್ರತಿ ಅಮಾವಾಸ್ಯೆಗೂ ಗ್ರಹಣವಾಗದು. ಆ ಪಥ ದೀರ್ಘವೃತ್ತವಾದ್ದರಿಂದ ಅವನ ದೂರವೂ ಬದಲಾಗುತ್ತದೆ. ಹತ್ತಿರವಿದ್ದಾಗ ಸೂರ್ಯನನ್ನು ಪೂರ್ಣವಾಗಿ ಮುಚ್ಚುತ್ತಾನೆ. 1980ರ ಫೆಬ್ರವರಿ 16ರಂದು ಅಂಕೋಲಾ, ಹುಬ್ಬಳ್ಳಿಗಳಲ್ಲಿ ಹಗಲೇ ಕತ್ತಲಾದದ್ದು ಹೀಗೆ. ದೂರವಿದ್ದಾಗ ಪೂರ್ತಿ ಮುಚ್ಚಲಾರದೆ ಸುತ್ತಲೂ ಉಂಗುರವನ್ನು ಉಳಿಸುತ್ತಾನೆ. 2019ರ ಡಿಸೆಂಬರ್ 26ರಂದು ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಕಂಡದ್ದು ಆ ಕಂಕಣ. ಅಂದು ನಮ್ಮ ಈ ಸೀಮೆಯಲ್ಲೂ ಸೂರ್ಯಬಿಂಬ ಬಹುಪಾಲು ಮುಚ್ಚಿತ್ತು.

ಇಬ್ಬರು ಸೂರ್ಯರ ವಿಷಯಕ್ಕೆ ಬರೋಣ. ಇಂದಿನ ಸೂರ್ಯ ನಾಳಿನವನಲ್ಲ, ನಾಡಿದ್ದು ಬರುವವನು ಎಂಬುದು ಶಾಸ್ತ್ರದ ಗಣನೆ. ಕೊಡೈಕೆನಾಲ್ ವೀಕ್ಷಣಾಲಯದಲ್ಲಿ ನೂರು ವರ್ಷಗಳಿಗೂ ಹಿಂದಿನಿಂದ ಸೂರ್ಯನ ಚಿತ್ರಗಳನ್ನು ತೆಗೆಯುತ್ತ ಬಂದಿದ್ದಾರೆ. ಸೂರ್ಯಬಿಂಬದ ಮೇಲಿನ ಒಂದೇ ಕಲೆ ಇಂದು, ನಾಳೆ, ನಾಡಿದ್ದು ತುಸುತುಸುವೇ ಸರಿಯುತ್ತ ಹೋಗುತ್ತದೆ. ಇಬ್ಬರಿದ್ದರೆ ಅದು ದಿನ ಬಿಟ್ಟು ದಿನ ಕಾಣಬೇಕಿತ್ತು. ಆದ್ದರಿಂದ ಪ್ರತಿದಿನ ಮೂಡುವವನು ಅದೇ ಸೂರ್ಯ.

ಇನ್ನೂ ಹತ್ತಿರದ ಸಾಕ್ಷಿ ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿದೆ. ಅಲ್ಲಿನ ಬೃಹತ್ ಆಂಟೆನಾದಿಂದ ಹೊರಟ ಸಂಕೇತಕ್ಕೆ ಚಂದ್ರನನ್ನು ಮುಟ್ಟಲು ಒಂದೂಕಾಲು ಸೆಕೆಂಡಿಗಿಂತ ತುಸು ಹೆಚ್ಚು ಸಾಕು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ನೆಲದ ಮೇಲೆ ಇಳಿಯಿತು. 2024ರ ಜನವರಿಯಲ್ಲಿ ಆದಿತ್ಯ-ಎಲ್1 ತನ್ನ ನೆಲೆಯನ್ನು ಸೇರಿದಾಗ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿತ್ತು; ಚಂದ್ರನ ನಾಲ್ಕು ಪಾಲು ದೂರ. ಆದರೂ ಸೂರ್ಯನತ್ತ ಸಾಗಿದ್ದು ನೂರರಲ್ಲಿ ಒಂದು ಪಾಲು. ಸೂರ್ಯನ ಬೆಳಕು ನಮ್ಮನ್ನು ತಲಪಲು 8 ನಿಮಿಷ 20 ಸೆಕೆಂಡು ಬೇಕು.

ಬಂಧುಗಳೆ, ಅನೇಕಾಂತದ ಹೆಸರಿನಲ್ಲಿ 'ಅದೂ ಸರಿ, ಇದೂ ಸರಿ' ಎಂದು ಜಾರಿಕೊಳ್ಳುವುದು ಅನೇಕಾಂತಕ್ಕೆ ನ್ಯಾಯವಲ್ಲ. ಯಾವ ಅಪೇಕ್ಷೆಯಿಂದ ಯಾವ ಮಾತು ಸತ್ಯ ಎಂದು ವಿಂಗಡಿಸುವುದೇ ಅದರ ಕೆಲಸ. ಕಣ್ಣಿಗೆ ಕಾಣುವ ಅಪೇಕ್ಷೆಯಿಂದ ಇಬ್ಬರೂ ಸಮ. ಕಾಲಗಣನೆಯ ಅಪೇಕ್ಷೆಯಿಂದ ಆಚಾರ್ಯರ ಚಾಂದ್ರಗಣಿತ ಇಂದಿಗೂ ತಲೆದೂಗಿಸುವಂಥದು. ಗಾತ್ರ, ದೂರಗಳ ವಿಷಯದಲ್ಲಿ ಮಾತ್ರ ಇಂದಿನ ಅಳತೆಯೇ ಪ್ರಮಾಣ. ಇದನ್ನು ಒಪ್ಪಿದರೆ ಧರ್ಮಕ್ಕೆ ಕುಂದು ಬರುತ್ತದೆಂಬ ಭಯ ಬೇಡ. ಅಹಿಂಸೆಯಾಗಲಿ ಅಪರಿಗ್ರಹವಾಗಲಿ ಚಂದ್ರನ ವ್ಯಾಸವನ್ನು ಆಶ್ರಯಿಸಿ ನಿಂತಿಲ್ಲ. ಚಂದ್ರನಾಥ ಸ್ವಾಮಿಯ ಪೀಠದ ಅರ್ಧಚಂದ್ರ ಲಾಂಛನಕ್ಕೆ ಯಾವ ಅಳತೆಯಿಂದಲೂ ಕೊರತೆಯಾಗದು. ವಸ್ತು ಹೇಗಿದೆಯೋ ಹಾಗೆಯೇ ಅರಿಯುವುದು ಸಮ್ಯಗ್ಜ್ಞಾನವಾದರೆ, ಅಳೆದು ತಿಳಿದುದನ್ನು ಮರೆಮಾಚುವುದೇ ಅದಕ್ಕೆ ದೋಷ.

ಆ ಬಾಲಕನಿಗೆ ನನ್ನ ಉತ್ತರವಿಷ್ಟೆ: ಮಗು, ಸೂರ್ಯನೇ ದೊಡ್ಡವನು ಎಂದು ಪರೀಕ್ಷೆಯಲ್ಲಿ ಬರೆ, ಮನಸ್ಸಿನಲ್ಲಿಯೂ ಅದನ್ನೇ ಇಟ್ಟುಕೊ. ಬಾಯಿಗೊಂದು, ಮನಸ್ಸಿಗೊಂದು ಇಟ್ಟುಕೊಂಡರೆ ಸತ್ಯವ್ರತಕ್ಕೆ ಭಂಗ. ಜೊತೆಗೆ, ಚಂದ್ರನು ದಿನಕ್ಕೆ ಎಷ್ಟು ತಡವಾಗಿ ಬರುತ್ತಾನೆಂಬುದನ್ನು ನಿನ್ನ ಹಿರಿಯರು ಎಷ್ಟು ಸೂಕ್ಷ್ಮವಾಗಿ ಲೆಕ್ಕ ಹಾಕಿದ್ದರು ಎಂಬುದನ್ನೂ ನಿನ್ನ ಉಪಾಧ್ಯಾಯರಿಗೆ ಹೇಳು.