ಸಾಲಗಾರನ ಎದೆಯ ಮೇಲೆ ಸಾಹುಕಾರನ ಹೆಸರು

(ಗಿರಣಿ ಕಾರ್ಮಿಕರ ವಾಚನಾಲಯದಲ್ಲಿ ಕಳೆದ ಭಾನುವಾರ ಸಂಜೆ ಮಾಡಿದ ಭಾಷಣ)



ಕಾರ್ಮಿಕರ ಮಕ್ಕಳ ಫುಟ್‌ಬಾಲ್ ಪಂದ್ಯಗಳು ಬರುವ ತಿಂಗಳು ನಡೆಯಬೇಕಾಗಿವೆ. ಹುಡುಗರಿಗೆ ಅಂಗಿಯಿಲ್ಲ. ಕೈಸಾಲ ಕೊಡುವ ಕಂಪನಿಯೊಂದರವರು ತಾವಾಗಿಯೇ ಬಂದು, ಅಂಗಿ, ಚಡ್ಡಿ, ಚೆಂಡು ಎಲ್ಲವನ್ನೂ ಕೊಡುತ್ತೇವೆ, ಎದೆಯ ಮೇಲೆ ನಮ್ಮ ಹೆಸರಿದ್ದರೆ ಸಾಕು ಎಂದಿದ್ದಾರೆ. ಸಮಿತಿಯಲ್ಲಿ ಅರ್ಧ ಜನ ಆಗಲಿ ಎಂದರು, ಅರ್ಧ ಜನ ಕೂಡದು ಎಂದರು. ನಮ್ಮ ಅಭಿಪ್ರಾಯ ಕೇಳಿದರು. ಅಂದು ನಾವು ಉತ್ತರ ಕೊಡಲಿಲ್ಲ. ಇದೇ ಪ್ರಶ್ನೆ ಬೇರೊಂದು ದುಡಿಯುವವರ ಊರಿಗೂ ಬಂದಿತ್ತು, ಅಲ್ಲಿ ಏನಾಯಿತೆಂಬುದನ್ನು ಓದಿಕೊಂಡು ಬಂದು ಹೇಳುತ್ತೇವೆ ಎಂದಿದ್ದೆವು. ಆ ಮಾತನ್ನು ಇಂದು ನಡೆಸುತ್ತೇವೆ.

ಆ ಊರು ಇಂಗ್ಲೆಂಡಿನ ಈಶಾನ್ಯ ಭಾಗದ ನ್ಯೂಕ್ಯಾಸಲ್. ಟೈನ್ ನದಿಯ ದಂಡೆಯ ಮೇಲಿದೆ. ಒಂದು ಕಾಲಕ್ಕೆ ಸುತ್ತಲೂ ಕಲ್ಲಿದ್ದಲ ಗಣಿಗಳು, ನದಿಯುದ್ದಕ್ಕೂ ಹಡಗು ಕಟ್ಟುವ ಕಾರ್ಖಾನೆಗಳು. ಗಣಿಗಳು ಮುಚ್ಚಿದವು, ಹಡಗಿನ ಕೆಲಸವೂ ಹೋಯಿತು. ಉಳಿದದ್ದು ಫುಟ್‌ಬಾಲ್ ತಂಡ. 1892ರಲ್ಲಿ ಊರಿನ ಪೂರ್ವ ಭಾಗದ ತಂಡವೂ ಪಶ್ಚಿಮ ಭಾಗದ ತಂಡವೂ ಒಂದಾದುದರಿಂದ ಆದದ್ದು ನ್ಯೂಕ್ಯಾಸಲ್ ಯುನೈಟೆಡ್. ಕಪ್ಪು ಬಿಳಿ ಪಟ್ಟೆಯ ಅಂಗಿ. ಊರಿನ ನಡುವೆಯೇ ಸೇಂಟ್ ಜೇಮ್ಸ್ ಪಾರ್ಕ್ ಎಂಬ ಅವರ ಮೈದಾನವಿದೆ. ಐವತ್ತು ಸಾವಿರಕ್ಕೂ ಮಿಕ್ಕಿ ಜನ ಅಲ್ಲಿ ಕೂತು ಆಟ ನೋಡುತ್ತಾರೆ. ನಮ್ಮಲ್ಲಿ ಊರಹಬ್ಬಕ್ಕೆ ಹೊಸ ಬಟ್ಟೆ ಹೊಲಿಸಿದ ಹಾಗೆ ಅಲ್ಲಿ ತಂದೆ ಮಗನಿಗೆ ಆ ಪಟ್ಟೆ ಅಂಗಿ ಕೊಡಿಸುತ್ತಾನೆ.

ಆ ಅಂಗಿಯ ಎದೆಯನ್ನು ಓದಿದರೆ ಆ ಊರಿನ ಚರಿತ್ರೆಯನ್ನೇ ಓದಿದಂತೆ. ಮೊದಲು ಅಲ್ಲಿ ಊರಿನದೇ ಬೀರಿನ ಹೆಸರಿತ್ತು. ಬೀರಿನ ಕಾರ್ಖಾನೆ ಮೈದಾನದ ಮಗ್ಗುಲಲ್ಲೇ ಇತ್ತು. 2003ರಿಂದ ನಾರ್ದರ್ನ್ ರಾಕ್ ಎಂಬ ಬ್ಯಾಂಕಿನ ಹೆಸರು ಬಂತು. ಇದೂ ಆ ಊರಿನದೇ. ಸದಸ್ಯರೇ ಒಡೆಯರಾಗಿದ್ದ, ಮನೆ ಕಟ್ಟಲು ಸಾಲ ಕೊಡುತ್ತಿದ್ದ ಉಳಿತಾಯ ಸಂಘ ಅದು. 1997ರಲ್ಲಿ ಅದನ್ನು ಷೇರು ಕಂಪನಿಯಾಗಿ ಮಾರ್ಪಡಿಸಿದರು. ಹತ್ತು ವರ್ಷವೂ ಸರಿಯಾಗಿ ನಿಲ್ಲಲಿಲ್ಲ. 2007ರ ಸೆಪ್ಟೆಂಬರಿನಲ್ಲಿ ಠೇವಣಿ ಇಟ್ಟವರು ಶಾಖೆಗಳ ಮುಂದೆ ಸಾಲುಗಟ್ಟಿ ನಿಂತರು. 2008ರ ಫೆಬ್ರವರಿಯಲ್ಲಿ ಸರ್ಕಾರ ಅದನ್ನು ರಾಷ್ಟ್ರೀಕರಣ ಮಾಡಬೇಕಾಯಿತು. ಬ್ಯಾಂಕು ಬಿದ್ದ ಮೇಲೂ ಆಟಗಾರರ ಎದೆಯ ಮೇಲೆ ಅದರ ಹೆಸರು ಇದ್ದೇ ಇತ್ತು!

ಅದೇ 2007ರಲ್ಲಿ ಮೈಕ್ ಆ್ಯಶ್ಲಿ ಎಂಬ ಕ್ರೀಡಾಸಾಮಗ್ರಿ ವ್ಯಾಪಾರಿ ಇಡೀ ತಂಡವನ್ನೇ ಕೊಂಡುಕೊಂಡ. 2011ರ ನವೆಂಬರಿನಲ್ಲಿ ನೂರು ವರ್ಷಕ್ಕೂ ಹಳೆಯ ಮೈದಾನದ ಹೆಸರು ತೆಗೆದು ತನ್ನ ಅಂಗಡಿಯ ಹೆಸರಿಟ್ಟ. ಜನ ರೇಗಿದರು. ಹೊಸ ಹೆಸರನ್ನು ಬಾಯಲ್ಲಿ ಆಡಲೂ ಒಪ್ಪಲಿಲ್ಲ.

2012ರ ಅಕ್ಟೋಬರಿನಲ್ಲಿ ಹೊಸ ಒಪ್ಪಂದ ಹೊರಬಿತ್ತು. ಮುಂದಿನ ಋತುವಿನಿಂದ ನಾಲ್ಕು ವರ್ಷ ಅಂಗಿಯ ಮೇಲೆ ವಾಂಗಾ ಎಂಬ ಕಂಪನಿಯ ಹೆಸರು. ಮೊತ್ತ ಸುಮಾರು 2 ಕೋಟಿ 40 ಲಕ್ಷ ಪೌಂಡ್ ಎಂದು ಪತ್ರಿಕೆಗಳು ಬರೆದವು. ಈ ವಾಂಗಾದ ಕಸುಬೇನು? ಸಂಬಳದ ದಿನದವರೆಗೆ ಕೈಸಾಲ ಕೊಡುವುದು. ಹದಿನೈದು ದಿನಕ್ಕೆ, ತಿಂಗಳಿಗೆ, ನೂರು ಇನ್ನೂರು ಪೌಂಡ್. ಮನೆಯಲ್ಲಿ ಕೂತೇ ಕೇಳಬಹುದು. ನಿಮಿಷಗಳಲ್ಲಿ ಹಣ ಬರುತ್ತದೆ. ವರ್ಷಕ್ಕೆ ಲೆಕ್ಕ ಹಾಕಿದರೆ ಬಡ್ಡಿ ನೂರಕ್ಕೆ 4,214 ಎಂದು ಆಗ ಪ್ರಕಟವಾಯಿತು.

ನಾಲ್ಕು ಸಾವಿರವೆ, ಅಚ್ಚಿನ ತಪ್ಪಲ್ಲವೆ ಎಂದು ಮೊನ್ನೆ ಒಬ್ಬರು ಕೇಳಿದರು. ನಾವು ಹಿಂದೆ ಮೇಷ್ಟರಾಗಿದ್ದವರು, ಹಲಗೆಯ ಮೇಲೆ ಬರೆದು ತೋರಿಸಿದೆವು; ಇಲ್ಲಿಯೂ ಹೇಳುತ್ತೇವೆ. ನೂರು ರೂಪಾಯಿಗೆ ದಿನಕ್ಕೆ ಒಂದು ರೂಪಾಯಿ ಬಡ್ಡಿ ಎಂದುಕೊಳ್ಳಿ. ಕೇಳಲು ಹಗುರ, ಒಂದು ಲೋಟ ಟೀ ಬಿಟ್ಟರಾಯಿತು ಎನಿಸುತ್ತದೆ. ತಿಂಗಳಿಗೆ ಮೂವತ್ತಾಯಿತು. ತೀರಿಸಲಾಗದೆ ನೂರಾಮೂವತ್ತನ್ನೇ ಹೊಸ ಸಾಲವಾಗಿ ಬರೆದುಕೊಟ್ಟರೆ ಎರಡನೆಯ ತಿಂಗಳಿಗೆ ನೂರಾ ಅರವತ್ತೊಂಬತ್ತು. ಹೀಗೇ ಹನ್ನೆರಡು ತಿಂಗಳು ತಿರುಗಿಸಿದರೆ ಆ ನೂರು ಸುಮಾರು 2,330 ಆಗುತ್ತದೆ. ಪ್ರತಿ ಸಲವೂ ಒಂದಿಷ್ಟು ಶುಲ್ಕ ಸೇರಿಸಿ, ನಾಲ್ಕು ಸಾವಿರ ದಾಟುವುದು ಕಷ್ಟವಲ್ಲ. ನಮ್ಮ ಸಂತೆಯ ವ್ಯಾಪಾರಿಗಳು ಇದಕ್ಕೆ ಮೀಟರ್ ಬಡ್ಡಿ ಎನ್ನುತ್ತಾರೆ. ಇಲ್ಲಿ ಅದು ಸಂದಿಯಲ್ಲಿ ಗುಟ್ಟಾಗಿ ನಡೆಯುತ್ತದೆ. ಅಲ್ಲಿ ಅದು ಐವತ್ತು ಸಾವಿರ ಜನರ ಮುಂದೆ ಅಂಗಿ ತೊಟ್ಟು ಓಡಿತು.

ಅಭಿಮಾನಿಗಳು ಏನೆಂದರು? ಒಂದೇ ಮಾತು ಆಡಲಿಲ್ಲ. ಈ ಅಂಗಿ ನಮ್ಮ ಮನೆಗೆ ಬೇಡ ಎಂದವರಿದ್ದರು. ಎಲ್ಲ ತಂಡಗಳೂ ಯಾರದೋ ಹಣ ತೆಗೆದುಕೊಳ್ಳುತ್ತವೆ, ಒಳ್ಳೆಯ ಆಟಗಾರರು ಬಂದರೆ ಸಾಕು ಎಂದವರಿದ್ದರು. ಇನ್ನು ಕೆಲವರು ಸಂತೋಷಪಟ್ಟರು! ಏಕೆಂದರೆ ವಾಂಗಾದವರು ಜಾಣರು. ಮೈದಾನದ ಹೆಸರಿಡುವ ಹಕ್ಕನ್ನೂ ಕೊಂಡುಕೊಂಡು, ಹಳೆಯ ಸೇಂಟ್ ಜೇಮ್ಸ್ ಪಾರ್ಕ್ ಹೆಸರನ್ನೇ ಮರಳಿಸುತ್ತೇವೆ ಎಂದಿದ್ದರು. ಜನರಿಂದ ಕಿತ್ತುಕೊಂಡದ್ದನ್ನೇ ಜನರಿಗೆ ಉಡುಗೊರೆ ಕೊಟ್ಟ ಹಾಗಾಯಿತು. ನಮ್ಮ ಎತ್ತನ್ನು ಹರಾಜಿಗೆ ಹಿಡಿದು, ಯುಗಾದಿಗೆ ಅದರ ಕೊರಳ ಗಂಟೆಯನ್ನು ಹಿಂದಕ್ಕೆ ಕೊಟ್ಟ ಸಾಹುಕಾರನನ್ನು ಧರ್ಮಾತ್ಮ ಎನ್ನಬೇಕೆ?

ನಗರಸಭೆಯ ನಾಯಕರೂ ಅಲ್ಲಿಯ ಕೆಲವು ಪಾರ್ಲಿಮೆಂಟ್ ಸದಸ್ಯರೂ ಪ್ರತಿಭಟಿಸಿದರು. ಬಡತನದ ಊರಿನಲ್ಲಿ ಜನರನ್ನು ಸಾಲದ ಬಲೆಗೆ ಕರೆಯುವ ಫಲಕವನ್ನು ಊರಿನ ಪ್ರೀತಿಯ ಅಂಗಿಗೇ ಅಂಟಿಸುವುದು ಸರಿಯಲ್ಲ ಎಂಬುದು ಅವರ ವಾದ. ಒಪ್ಪಂದ ನಿಲ್ಲಲಿಲ್ಲ. ಅಂಗಿ ಒಡೆಯನದು, ಸಹಿಯೂ ಒಡೆಯನದು.

ಆಟಗಾರರಲ್ಲಿ ಒಬ್ಬ ಅಡ್ಡ ನಿಂತ. ಸೆನೆಗಲ್ ದೇಶದ ಪಾಪಿಸ್ ಸಿಸ್ಸೆ, ಗೋಲು ಹೊಡೆಯುವುದರಲ್ಲಿ ನಿಪುಣ. 2013ರ ಬೇಸಿಗೆಯಲ್ಲಿ, ಬಡ್ಡಿ ತಮ್ಮ ಧರ್ಮಕ್ಕೆ ನಿಷಿದ್ಧ, ಆ ಹೆಸರು ಹೊತ್ತು ಆಡಲಾರೆ ಎಂದರು. ತಂಡದೊಂದಿಗೆ ಅಭ್ಯಾಸದ ಪ್ರವಾಸಕ್ಕೂ ಹೋಗಲಿಲ್ಲ. ಕೆಲವು ವಾರ ಜಗ್ಗಾಟ ನಡೆದು, ಕೊನೆಗೆ ಅವರೂ ಅದೇ ಅಂಗಿ ತೊಟ್ಟರು. ಕೆಲವರು ಅವರನ್ನು ಗೇಲಿ ಮಾಡಿದರು. ನಮಗೆ ಗೇಲಿ ಮಾಡಲು ಮನಸ್ಸು ಬರುವುದಿಲ್ಲ. ಕಾರಣ ಹೇಳುತ್ತೇವೆ.

ನಾವು ಶಾಲೆಯಲ್ಲಿದ್ದಾಗ ಕಬಡ್ಡಿ ಹುಡುಗರನ್ನು ತಾಲ್ಲೂಕು ಪಂದ್ಯಕ್ಕೆ ಕರೆದೊಯ್ಯಬೇಕಾಗಿತ್ತು. ಲೇವಾದೇವಿ ಅಂಗಡಿಯವರೊಬ್ಬರು ಬನಿಯನ್ ಕೊಟ್ಟರು. ಬೆನ್ನಿಗೆ ಅಂಗಡಿಯ ಹೆಸರು. ನಾವು ಕೈಮುಗಿದು ತೆಗೆದುಕೊಂಡೆವು. ಒಬ್ಬ ಹುಡುಗ ಮಾತ್ರ ಹಾಕಿಕೊಳ್ಳಲೊಲ್ಲೆ ಎಂದ. ಕಾರಣ ಕೇಳಿದರೆ ಬಾಯಿ ಬಿಡಲಿಲ್ಲ. ಹಠಮಾರಿ ಎಂದು ಬೈದು ತಂಡದಿಂದ ಕೈಬಿಟ್ಟೆವು. ಅವನ ತಾಯಿಯ ಓಲೆ ಅದೇ ಅಂಗಡಿಯಲ್ಲಿ ಅಡವಾಗಿತ್ತೆಂಬುದು ನಮಗೆ ತಿಳಿದದ್ದು ಪಂದ್ಯ ಮುಗಿದ ಮೇಲೆ. ಆ ಹುಡುಗ ಮುಂದೆ ಯಾವ ತಂಡಕ್ಕೂ ಸೇರಲಿಲ್ಲ. ಸಮಿತಿಯಲ್ಲಿ ನೀವು ಕೇಳಿದಾಗ ನಾವು ಸುಮ್ಮನಿದ್ದುದಕ್ಕೆ ಇದೂ ಒಂದು ಕಾರಣ.

ಮತ್ತೆ ನ್ಯೂಕ್ಯಾಸಲಿಗೆ ಬರೋಣ. ವಾಂಗಾದ ಹಲ್ಲು ಮುರಿದದ್ದು ಮೈದಾನದ ಕೂಗಿನಿಂದಲ್ಲ. ಅದೇ ವರ್ಷಗಳಲ್ಲಿ ದೇಶದುದ್ದಕ್ಕೂ ಬೇರೊಂದು ಚಳವಳಿ ನಡೆದಿತ್ತು. ಲೇಬರ್ ಮತ್ತು ಕೋಆಪರೇಟಿವ್ ಪಕ್ಷಗಳ ಪರವಾಗಿ ಗೆದ್ದಿದ್ದ ಸ್ಟೆಲ್ಲಾ ಕ್ರೀಸಿ ಎಂಬ ಸದಸ್ಯೆ 2010ರಿಂದ ಪಾರ್ಲಿಮೆಂಟಿನಲ್ಲಿ ಇದೊಂದೇ ವಿಷಯ ಹಿಡಿದು ಕಾಡಿದರು. 2014ರಲ್ಲಿ ಬಣ್ಣ ಬಯಲಾಯಿತು: ಇಲ್ಲದ ವಕೀಲರ ಹೆಸರಿನಲ್ಲಿ ವಾಂಗಾ ಸಾಲಗಾರರಿಗೆ ಬೆದರಿಕೆ ಪತ್ರ ಕಳಿಸಿತ್ತು. ಅದಕ್ಕಾಗಿ ಸುಮಾರು 45 ಸಾವಿರ ಜನರಿಗೆ ಪರಿಹಾರ ಕೊಡಬೇಕಾಯಿತು. ಅದೇ ವರ್ಷ, ತೀರಿಸುವ ಶಕ್ತಿಯಿಲ್ಲದವರಿಗೆ ಕೊಟ್ಟಿದ್ದ ಸಾಲ ಎಂದು 3 ಲಕ್ಷ 30 ಸಾವಿರ ಜನರ 22 ಕೋಟಿ ಪೌಂಡ್ ಬಾಕಿಯನ್ನು ಮನ್ನಾ ಮಾಡಬೇಕಾಯಿತು. 2015ರ ಜನವರಿಯಿಂದ ಹೊಸ ನಿಯಮ ಜಾರಿಗೆ ಬಂತು: ದಿನಕ್ಕೆ ನೂರಕ್ಕೆ 0.8ಕ್ಕಿಂತ ಹೆಚ್ಚು ಬಡ್ಡಿ ಇಲ್ಲ; ಬಡ್ಡಿ, ಶುಲ್ಕ, ದಂಡ ಎಲ್ಲ ಸೇರಿ ಅಸಲನ್ನು ಮೀರುವಂತಿಲ್ಲ.

ಅಸಲನ್ನು ಮೀರಬಾರದು! ಹಳೆಯ ಮುಂಬಯಿ ಪ್ರಾಂತ್ಯದ ಕಡೆಯ ಹಿರಿಯರಿಗೆ ದಾಮದುಪ್ಪಟ್ಟಿನ ಹೆಸರು ಗೊತ್ತಿರಬಹುದು. ಒಮ್ಮೆಗೆ ವಸೂಲಿಸುವ ಬಡ್ಡಿ ಅಸಲಿಗಿಂತ ಹೆಚ್ಚಾಗಕೂಡದು ಎಂಬ, ಧರ್ಮಶಾಸ್ತ್ರಗಳಿಂದ ಬಂದ ನಿಯಮ ಅದು. ನಮ್ಮ ಅಜ್ಜಂದಿರಿಗೆ ತಿಳಿದಿದ್ದ ನ್ಯಾಯ ಇಂಗ್ಲೆಂಡಿನ ಕೈಸಾಲದವರಿಗೆ 2015ರಲ್ಲಿ ತಲುಪಿತು. ನಮ್ಮ ರಾಜ್ಯದಲ್ಲಿಯೂ ಕಿರುಸಾಲ ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ಸುಗ್ರೀವಾಜ್ಞೆ ತರಬೇಕಾಯಿತೆಂಬುದನ್ನು ನೀವು ಬಲ್ಲಿರಿ.

ಹೊಸ ನಿಯಮದ ಮೇಲೆ ವಾಂಗಾದ ಲಾಭ ಇಳಿಯಿತು, ಪರಿಹಾರ ಕೇಳುವವರು ಹೆಚ್ಚಿದರು. 2018ರ ಆಗಸ್ಟಿನಲ್ಲಿ ಅದು ಕುಸಿಯಿತು. ಮೋಸಹೋದವರ ಕೈಗೆ ಕೊನೆಗೆ ಬಂದ ಪರಿಹಾರ ನೂರು ಪೌಂಡಿಗೆ 4.3 ಪೌಂಡ್. ಬಡ್ಡಿ ಸಾವಿರಗಳಲ್ಲಿ, ಪರಿಹಾರ ಪುಡಿಗಾಸಿನಲ್ಲಿ!

ಅಂಗಿಯ ಗತಿ? ವಾಂಗಾ ಹೋದ ಜಾಗಕ್ಕೆ 2017ರಲ್ಲಿ ಜೂಜಿನ ಕಂಪನಿಯ ಹೆಸರು ಬಂತು. 2021ರಲ್ಲಿ ಆ್ಯಶ್ಲಿ ತಂಡವನ್ನು ಮಾರಿದ. ಹೆಚ್ಚಿನ ಪಾಲು ಸೌದಿ ಅರೇಬಿಯದ ಸರ್ಕಾರಿ ನಿಧಿಗೆ ಹೋಯಿತು. 2023ರಲ್ಲಿ ಅಂಗಿಗೂ ಸೌದಿಯ ಕಂಪನಿಯ ಹೆಸರು. ಜೂಜಿನ ಹೆಸರುಗಳನ್ನು 2025-26ರ ಋತು ಮುಗಿದ ಮೇಲೆ ಅಂಗಿಯ ಎದೆಯಿಂದ ತೆಗೆಯಲು ಅಲ್ಲಿಯ ಮೇಲ್ದರ್ಜೆಯ ತಂಡಗಳು 2023ರಲ್ಲಿ ಒಪ್ಪಿದವು. ಇದೂ ಸುಮ್ಮನೆ ಬಂದದ್ದಲ್ಲ. ಜೂಜಿನಿಂದ ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳು ವರ್ಷಗಟ್ಟಲೆ ಒತ್ತಾಯಿಸಿದ್ದರು.

ಹಾಗಾದರೆ ಬೀರಿನ ಹೆಸರು ಇದ್ದಾಗ ಏನೂ ತಪ್ಪಿರಲಿಲ್ಲವೆ ಎಂದು ನೀವು ಕೇಳಬಹುದು. ಅದೂ ನಮಗೆ ಒಪ್ಪಿಗೆಯಲ್ಲ. ಆದರೆ ಸೀಸೆಯ ಬೆಲೆ ಸೀಸೆ ಕೊಳ್ಳುವಾಗಲೇ ತಿಳಿದಿರುತ್ತದೆ. ಈ ಕೈಸಾಲದ ಬೆಲೆ ತಿಳಿಯುವುದು ಆರು ತಿಂಗಳ ಮೇಲೆ, ಬಾಗಿಲು ಬಡಿದಾಗ. ಅಲ್ಲಿಯವರೆಗೆ ಅದು ನೆಚ್ಚಿನ ಆಟಗಾರನ ಎದೆಯ ಮೇಲೆ ಕೂತು ನಿಮ್ಮ ಮಗನಿಗೆ ಪರಿಚಿತನಾಗಿರುತ್ತದೆ. ಅವರು ಕೊಳ್ಳುವುದು ಬಟ್ಟೆಯ ಮೇಲಿನ ಒಂದು ಗೇಣು ಜಾಗವನ್ನಲ್ಲ. ಊರವರು ಮೂರು ತಲೆಮಾರು ಕೂಡಿಟ್ಟ ನಂಬಿಕೆಯನ್ನು. ಆ ನಂಬಿಕೆಯನ್ನು ಕೂಡಿಟ್ಟವರು ಗಣಿಯವರು, ಹಡಗಿನವರು. ಮಾರಿದ ಹಣ ಮಾತ್ರ ಬೇರೆಯವರ ಲೆಕ್ಕಕ್ಕೆ ಜಮೆಯಾಯಿತು.

ನ್ಯೂಕ್ಯಾಸಲಿನವರಿಗೆ ಸಹಿ ಮಾಡುವ ಅಧಿಕಾರ ಇರಲಿಲ್ಲ. ನಮಗೆ ಇದೆ. ನಮ್ಮ ತಂಡಕ್ಕೆ ಒಡೆಯನಿಲ್ಲ. ಸಮಿತಿ ನಿಮ್ಮದು, ಹುಡುಗರು ನಿಮ್ಮವರು. ಕಂಪನಿಯವರನ್ನು ಕರೆದು ಮೂರು ಪ್ರಶ್ನೆ ಕೇಳಿ: ನೂರಕ್ಕೆ ದಿನದ ಬಡ್ಡಿ ಎಷ್ಟು? ಕಂತು ತಪ್ಪಿದರೆ ಯಾರು ಮನೆಗೆ ಬರುತ್ತಾರೆ? ಈ ಕೇರಿಯಲ್ಲಿ ಈಗಾಗಲೇ ಎಷ್ಟು ಮನೆಗಳಿಗೆ ಕೊಟ್ಟಿದ್ದೀರಿ? ಉತ್ತರ ಕೇಳಿ ನೀವೇ ನಿರ್ಧರಿಸಿ. ಬೇಡವೆಂದರೆ ಅಂಗಿಯ ಖರ್ಚು ನಮ್ಮ ಮೇಲೆ ಬೀಳುತ್ತದೆ, ಅದನ್ನೂ ಮುಚ್ಚಿಡುವುದಿಲ್ಲ. ಹದಿನಾರು ಹುಡುಗರು, ಹದಿನಾರು ಅಂಗಿ. ಬಟ್ಟೆ ಅಂಗಡಿಯ ಬಂಧುಗಳು ಕೊಂಡ ಬೆಲೆಗೆ ಬಟ್ಟೆ ಕೊಡಲಿ, ದರ್ಜಿ ಸಂಗಾತಿಗಳು ಕೂಲಿ ಬಿಡಲಿ, ಉಳಿದದ್ದಕ್ಕೆ ಸಂಬಳದ ದಿನ ಗಿರಣಿಯ ಬಾಗಿಲಲ್ಲಿ ಡಬ್ಬಿ ಹಿಡಿದು ನಾವೇ ನಿಲ್ಲುತ್ತೇವೆ.

ಬರುವ ಭಾನುವಾರ ಇದೇ ಹೊತ್ತಿಗೆ ಸಮಿತಿ ಸೇರುತ್ತದೆ. ಹುಡುಗರನ್ನೂ ಕರೆದುಕೊಂಡು ಬನ್ನಿ. ಅಂಗಿ ತೊಡುವವರು ಅವರು; ಒಲ್ಲೆ ಎನ್ನುವವನಿದ್ದರೆ ಈ ಸಲ ಅವನ ಕಾರಣವನ್ನು ಮೊದಲು ಕೇಳೋಣ.